ಹೂಂ ಅನ್ನದ ಎಂಟು ಮನೆಗಳು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಮಗನ ಜವಳಕ್ಕೆ ಬಾ ಎಂದು ಅಣ್ಣನಿಗೆ ಕಾಗದ ಬರೆದೆ. ಹದಿನೈದು ದಿನವಾಯಿತು. ಬರುತ್ತೇನೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ಕರೆದದ್ದಕ್ಕೆ ಉತ್ತರ ಕೊಡದವನನ್ನು ಇನ್ನೊಮ್ಮೆ ಕರೆಯಬೇಕೇ, ಅಥವಾ ಬಿಟ್ಟುಬಿಡಬೇಕೇ?"

"ಕೂತುಕೋ," ಎಂದರು ಗುರುಗಳು. ಶಿಷ್ಯ ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೌದಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಹೆಸರು ನಿಂಬೆವ್ವ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಆ ಊರಿಗೆ ಬಂದು, ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗೆ ಇದ್ದಳು. ಜನ ಹಳೆಯ ಸೀರೆ, ಧೋತರ ತಂದು ಕೊಡುತ್ತಿದ್ದರು. ಅವಳು ಅವನ್ನು ಒಂದರ ಮೇಲೊಂದು ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ, ಹೊದೆಯುವ ಕೌದಿ ಮಾಡಿ ಕೊಡುತ್ತಿದ್ದಳು. ಕೆಲಸಕ್ಕೆ ಬೇಕಾದಷ್ಟು ಮಾತು ಆಡುವಳು. ಅದು ಮುಗಿದರೆ ತಲೆ ತಗ್ಗಿಸಿ ಹೊಲಿಯುವಳು. ಯಾರ ಮನೆಯ ಹೊಸ್ತಿಲನ್ನೂ ದಾಟಿದವಳಲ್ಲ.

ಮಗಳು ಮುತ್ತಿಗೆ ಏಳು ವರ್ಷ ತುಂಬುವುದಿತ್ತು. ಶಾಲೆಯಲ್ಲಿ ಯಾರೋ ಹುಟ್ಟಿದ ಹಬ್ಬ ಮಾಡಿಕೊಂಡದ್ದನ್ನು ನೋಡಿ ಬಂದು ತನಗೂ ಮಾಡು ಎಂದಳು. ಆ ಹುಡುಗಿ ಏನನ್ನೂ ಬೇಡುವವಳಲ್ಲ. ಆದ್ದರಿಂದ ನಿಂಬೆವ್ವನಿಗೆ ಇಲ್ಲ ಎನ್ನಲಾಗಲಿಲ್ಲ. "ರವಿವಾರ ಗೋದಿ ಬೆಲ್ಲ ಹಾಕಿ ಮಾದ್ಲಿ ಮಾಡ್ತೀನಿ. ಗೆಳತ್ಯಾರನ್ನ ಕರಿ," ಎಂದಳು.

ಮುತ್ತಿ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಎಂಟು ಚೀಟಿ ಮಾಡಿದಳು. ಎಲ್ಲದರಲ್ಲೂ ಒಂದೇ ಮಾತು ಬರೆದಳು: "ರವಿವಾರ ನಾಲ್ಕಕ್ಕೆ ನಮ್ಮ ಮನೆಗೆ ಬಾ. ನನ್ನ ಹುಟ್ಟಿದ ಹಬ್ಬ. ಬರುತ್ತೀಯೋ ಇಲ್ಲವೋ ಹೇಳು, ಅವ್ವ ಮಾದ್ಲಿ ಮಾಡಬೇಕು." ಸೋಮವಾರ ಅವನ್ನು ಎಂಟು ಹುಡುಗಿಯರ ಕೈಯಲ್ಲಿ ಕೊಟ್ಟು ಬಂದಳು.

ಮಂಗಳವಾರ ಯಾರೂ ಏನೂ ಹೇಳಲಿಲ್ಲ. ಬುಧವಾರವೂ ಇಲ್ಲ. ಮುತ್ತಿ ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು ಕೇಳುತ್ತಿದ್ದಳು, "ಯಾರಾದ್ರೂ ಬಂದು ಹೇಳಿದ್ರೇನವ್ವಾ?"

"ನೀನ ಸಾಲ್ಯಾಗ ಕೇಳಬೇಕಿಲ್ಲೋ?"

"ಕೇಳಿದೆ. ಎಲ್ಲಾರೂ ನಮ್ಮವ್ವನ್ನ ಕೇಳ್ತೀನಿ ಅಂತಾರ."

ಗುರುವಾರ ಕಳೆಯಿತು. ಹೊಲಿಗೆ ಕೈಗೆ ಕೆಲಸ ಕೊಡುತ್ತದೆ, ಮನಸ್ಸಿಗೆ ಕೊಡುವುದಿಲ್ಲ. ನಿಂಬೆವ್ವ ಕೌದಿ ಹೊಲಿಯುತ್ತಾ ಎಂಟು ಮನೆಯವರು ಆಡದ ಮಾತನ್ನು ತಾನೇ ಆಡಿಕೊಂಡಳು. ಚಿಂದಿ ಹೊಲಿಯುವವಳ ಮನೆಗೆ ನಮ್ಮ ಮಗು ಯಾಕೆ ಹೋಗಬೇಕು ಎಂದು ಒಬ್ಬಳು ಅಂದಳು. ಎಲ್ಲಿಂದ ಬಂದವರೋ ಏನೋ ಎಂದು ಇನ್ನೊಬ್ಬಳು ಅಂದಳು. ಗಂಡನಿಲ್ಲದ ಮನೆಯಲ್ಲಿ ಎಂಥ ಹಬ್ಬ ಎಂದು ಮತ್ತೊಬ್ಬಳು ನಕ್ಕಳು. ಶುಕ್ರವಾರದ ಹೊತ್ತಿಗೆ ಇವೆಲ್ಲ ಅವಳ ಕಿವಿಯಾರೆ ಕೇಳಿದ ಮಾತುಗಳಂತೆ ಆಗಿದ್ದವು. ನಲ್ಲಿಯ ಹತ್ತಿರ ಆ ಮನೆಗಳ ಹೆಂಗಸರು ಎದುರಾದರೆ ಮುಖ ತಿರುಗಿಸಿ ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದಳು.

ಶುಕ್ರವಾರ ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡಳು. "ರವಿವಾರದ್ದು ಬ್ಯಾಡ ಮುತ್ತಿ. ಅವತ್ತ ಚಿಗವ್ವನ ಊರಿಗೆ ಹೋಗೂಣು. ಮಾದ್ಲಿ ಅಲ್ಲೇ ಮಾಡ್ತೀನಿ."

ಮುತ್ತಿ ಕೇಳಿದಳು, "ಅವ್ರು ಬಂದ್ರ?"

"ಯಾರೂ ಬರಂಗಿಲ್ಲ."

"ಬರಂಗಿಲ್ಲ ಅಂತ ಹೇಳ್ಯಾರೇನು?"

"ಹೇಳಿಲ್ಲ."

"ಮತ್ತ ಬಂದ್ರ ಏನ್ ಮಾಡ್ತಾರ? ಬಾಗಲಕ್ಕ ಕೀಲಿ ಹಾಕಿದ್ದ ನೋಡಿ ಹೊಳ್ಳಿ ಹೋಗಬೇಕಾಗ್ತದ. ಪಾಪ."

ನಿಂಬೆವ್ವ ಆ ಐದು ದಿನ ತನ್ನ ಮಗಳಿಗಾಗಿ ಎಷ್ಟೋ ನೊಂದಿದ್ದಳು. ಮಗಳು ನೋಯುತ್ತಿದ್ದದ್ದು ಬಾಗಿಲಿಗೆ ಬಂದು ಹಿಂದಿರುಗಿ ಹೋಗುವವರಿಗಾಗಿ. ಅದು ಅವಳಿಗೆ ಆಗ ತಿಳಿಯಿತು. "ಆತು, ಎಲ್ಲಿಗೂ ಹೋಗೂದು ಬ್ಯಾಡ," ಎಂದಳು.

ಮರುದಿನ ಮುತ್ತಿ ಶಾಲೆಗೆ ಹೋದ ಮೇಲೆ ನಿಂಬೆವ್ವ ಮುಖ ತೊಳೆದು, ಸೆರಗು ಹೊದ್ದು, ಎಂಟು ಮನೆಗೂ ಹೋಗಿ ಕೇಳಿಬರಲು ಹೊರಟಳು. ಮೊದಲ ಮನೆಯ ಮೆಟ್ಟಿಲವರೆಗೆ ಹೋಗಿ ಒಮ್ಮೆ ವಾಪಸು ಬಂದಳು. ಮತ್ತೆ ಹೋದಳು.

ಮೊದಲ ಮನೆಯ ತಾಯಿ ಬೆರಗಾದಳು. "ಚೀಟಿ? ಯಾವ ಚೀಟಿ ನಿಂಬೆವ್ವಾ? ನಮಗ ತೋರಿಸೇ ಇಲ್ಲ." ಹುಡುಗಿ ಅಂದು ಹೊಟ್ಟೆನೋವೆಂದು ಮನೆಯಲ್ಲೇ ಇದ್ದಳು. ಕರೆದು ಕೇಳಿದರೆ, ಹಾಸಿಗೆಯ ಕೆಳಗಿನಿಂದ ಚೀಟಿ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡಳು. ಯಾಕೆ ಮುಚ್ಚಿಟ್ಟೆ ಎಂದು ತಾಯಿ ಗದರಿದಳು. "ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದು ಹುಡುಗಿ ಅತ್ತಳು. "ಕೇಳದಿದ್ರ ಬ್ಯಾಡ ಅನ್ನಾಕ ಆಗೂದಿಲ್ಲಲ್ಲ."

ಎರಡನೆಯ ಮನೆಯವಳು ಬಾಗಿಲಲ್ಲೇ ನಿಂತು ಹೇಳಿದಳು: "ನಾವು ಕಳಸಂಗಿಲ್ಲ. ಗುರುತು ಇಲ್ಲದವರ ಮನೀಗೆ ಹುಡುಗರನ್ನ ಬಿಡೂ ರೂಢಿ ನಮ್ಮಲ್ಲಿಲ್ಲ."

ನಿಂಬೆವ್ವ ಐದು ದಿನ ಹೆದರಿದ್ದು ಇದೇ ಮಾತಿಗೆ. "ಆತು ಬಿಡ್ರಿ," ಎಂದು ಮೆಟ್ಟಿಲಿಳಿದಳು. ಮಾತು ಚುಚ್ಚಿತು, ಇಲ್ಲವೆಂದಲ್ಲ. ಆದರೆ ಮುಂದಿನ ತಿರುವಿಗೆ ಬರುವಷ್ಟರಲ್ಲಿ ಅವಳು ಒಂದು ತಟ್ಟೆ ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದಳು. ಆಡದ ಮಾತು ಐದು ದಿನ ಕಾಡಿತ್ತು. ಆಡಿದ ಮಾತು ಓಣಿಯ ತಿರುವಿನವರೆಗೂ ಬರಲಿಲ್ಲ.

ಮೂರನೆಯದು ಕಾಶವ್ವನ ಮನೆ. ಮಂಗಳವಾರದಿಂದ ನಾಲ್ಕು ದಿನವೂ ನಲ್ಲಿಯ ಹತ್ತಿರ ಎದುರಾದವರಲ್ಲಿ ಈ ಕಾಶವ್ವನೂ ಒಬ್ಬಳು. ಅವಳು ರೊಟ್ಟಿ ಬಡಿಯುತ್ತಾ ಕೂತಿದ್ದಳು. ನಿಂಬೆವ್ವ ಹೊಸ್ತಿಲ ಹೊರಗೆ ನಿಂತು ಬಂದ ಕಾರಣ ಹೇಳಿದಳು. ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹುಡುಗ್ರು ಕೊಟ್ಟ ಚೀಟಿಗೆ ನಾ ಹೆಂಗ ಹೂಂ ಅನ್ನಲಿ? ದೊಡ್ಡವರು ಬಾಯಿಬಿಟ್ಟು ಕರೀಬೇಕೋ ಬ್ಯಾಡೋ? ನೀ ಕರೀತಿ ಅಂತ ನಾಕ ದಿನ ಕೊಡ ತುಂಬಿದ ಮ್ಯಾಲೂ ನಲ್ಲಿ ಹತ್ರ ನಿಂತೆ. ನೀ ಮಾರಿ ತಿರುವಿಕೊಂಡು ಹೋದಿ."



"ಅದಲ್ದ ನಿನ್ನ ಒಂದು ಮಾತು ಕೇಳಬೇಕಾಗಿತ್ತು," ಎಂದಳು ಕಾಶವ್ವ. ಈಗ ದನಿ ತಗ್ಗಿತ್ತು. "ಹೋದ ವರ್ಷ ಕೂಸಿನ ತೊಟ್ಟಿಲಕ್ಕ ನಿನ್ನ ಮನೀತನಕ ಬಂದು ಕರದಿದ್ದೆ. ನೀ ಬರಲಿಲ್ಲ. ಬರಂಗಿಲ್ಲ ಅಂತನೂ ಹೇಳಲಿಲ್ಲ. ನಾ ಏನ್ ತಪ್ಪು ಮಾಡಿದ್ದೆ?"

ನಿಂಬೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕೂಸಿಗೆಂದು ಒಂದು ಪುಟ್ಟ ಕೌದಿ ಹೊಲಿದಿದ್ದಳು. ಹೊಸ ಬಟ್ಟೆ ಇರಲಿಲ್ಲ, ತನ್ನದೇ ಹಳೆಯ ಸೀರೆಯ ಚೂರುಗಳು. ಹೊರಡುವ ಹೊತ್ತಿಗೆ ಅದು ಕೊಡಲು ಯೋಗ್ಯವಲ್ಲ ಎನಿಸಿ ಟ್ರಂಕಿನೊಳಗೆ ಇಟ್ಟುಬಿಟ್ಟಿದ್ದಳು. ಬರಿಗೈಯಲ್ಲಿ ಹೋಗಲು ನಾಚಿಕೆ. ಮರುದಿನ ಹೋಗಿ ಏನು ಹೇಳುವುದೆಂದು ಅದೂ ನಾಚಿಕೆ. ಹಾಗೇ ಒಂದು ವರ್ಷವಾಗಿತ್ತು. ಇದನ್ನೆಲ್ಲ ಅವಳು ತಡೆತಡೆದು ಕಾಶವ್ವನಿಗೆ ಹೇಳಿದಳು. ಅಷ್ಟು ಮಾತು ಆ ಊರಿಗೆ ಬಂದ ಮೇಲೆ ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಕಾಶವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಕೌದಿ ಇನ್ನೂ ಐತೇನು?"

"ಐತಿ. ಕೂಸು ಈಗ ದೊಡ್ಡದಾಗಿರ್ತದ."

"ಅಡ್ಡಾಡ್ತದ. ಕಾಲು ಹೊರಗ ಬರ್ತಾವ. ಬಂದ್ರ ಬರಲಿ, ತಂದು ಕೊಡು. ಈಗ ಒಳಗ ಬಾ, ಬಿಸಿ ರೊಟ್ಟಿ ತಿಂದು ಹೋಗು."

ನಿಂಬೆವ್ವ ಒಳಗೆ ಹೋದಳು. ಆ ಊರಿನಲ್ಲಿ ಅವಳು ಊಟಕ್ಕೆ ಕೂತ ಮೊದಲ ಮನೆ ಅದು.

ಉಳಿದ ಐದು ಮನೆಗೂ ಹೋದಳು. ಒಂದಕ್ಕೆ ಬೀಗ ಹಾಕಿತ್ತು. ಊರಿಗೆ ಹೋಗಿ ಮೂರು ದಿನವಾಯಿತೆಂದು ಪಕ್ಕದವರು ಹೇಳಿದರು. ಇನ್ನೊಂದರಲ್ಲಿ ಹುಡುಗಿಗೆ ಮಂಗಬಾವು ಎದ್ದು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕಿಟಕಿಯಲ್ಲಿ ಕೂತಿದ್ದಳು. ಹೇಳಿ ಕಳಿಸಲು ಯಾರೂ ಇರಲಿಲ್ಲವೆಂದು ತಾಯಿ ಪೇಚಾಡಿಕೊಂಡಳು. ಎರಡು ಮನೆಯವರು ನಕ್ಕೇಬಿಟ್ಟರು. "ಕರದ ಮ್ಯಾಲ ಬರೂದ. ಬರ್ತೀನಿ ಅಂತ ಮದ್ಲ ಹೇಳೂದೇನೈತಿ?" ಎಂದರು. ಕೊನೆಯ ಮನೆಯವಳು ಎದುರಿಗೆ ಕೇಳಿದಾಗಲೂ "ನೋಡೂಣು" ಎಂದಳಷ್ಟೇ. ನಿಂಬೆವ್ವ ಅದಕ್ಕೂ ತಲೆಯಾಡಿಸಿ, ಅವರ ತಟ್ಟೆಯನ್ನು ಲೆಕ್ಕದಲ್ಲಿ ಉಳಿಸಿಕೊಂಡು ಮನೆಗೆ ಬಂದಳು.

ರವಿವಾರ ನಾಲ್ಕು ಗಂಟೆಗೆ ಯಾರೂ ಬರಲಿಲ್ಲ. ಮುತ್ತಿ ಹೊಸ್ತಿಲಲ್ಲಿ ಕೂತಿದ್ದಳು. ನಿಂಬೆವ್ವ ತಟ್ಟೆಗಳನ್ನು ಇನ್ನೊಮ್ಮೆ ಎಣಿಸಿದಳು. ನಾಲ್ಕೂವರೆಗೆ ಚೀಟಿ ಮುಚ್ಚಿಟ್ಟಿದ್ದ ಹುಡುಗಿ ತಾಯಿಯಿಂದ ಹೂಂ ಅನ್ನಿಸಿಕೊಂಡು ಬಂದಳು. ಬಸ್ಸಿನಲ್ಲಿ ಟಿಕೆಟು ತೋರಿಸುವಂತೆ ಚೀಟಿ ತೋರಿಸಿ, ಮಡಿಲಲ್ಲಿದ್ದ ಒಂದು ಬೊಗಸೆ ಹುಣಸೆಬೀಜವನ್ನು ಮುತ್ತಿಯ ಲಂಗಕ್ಕೆ ಸುರಿದಳು. ಆಮೇಲೆ ಕಾಶವ್ವ ಮಗಳನ್ನೂ ಕೂಸನ್ನೂ ಕರೆದುಕೊಂಡು ಬಂದಳು. ನಕ್ಕಿದ್ದ ಎರಡು ಮನೆಯ ಹುಡುಗಿಯರು ಓಡುತ್ತಾ ಬಂದರು. ಒಬ್ಬಳ ಹಿಂದೆ ಅವಳ ಅಜ್ಜಿಯೂ ಬಂದು, ಮಾದ್ಲಿಗೆ ತುಪ್ಪ ಸಾಲದು ಎಂದು ತಕರಾರು ತೆಗೆದು, ಎರಡು ಸಲ ಹಾಕಿಸಿಕೊಂಡಳು. ಅವಳೇ ಮುತ್ತಿಗೆ ಆರತಿ ಎತ್ತಿದಳು. ಮುತ್ತಿ ಎಷ್ಟು ನಕ್ಕಳೆಂದರೆ ಬಾಯೊಳಗಿನ ಮಾದ್ಲಿ ಮೂಗಿಗೆ ಏರಿತು.

ಮಂಗಬಾವಿನ ಹುಡುಗಿಗೆ ಮುತ್ತಿ ಒಂದು ಡಬ್ಬಿಯಲ್ಲಿ ಮಾದ್ಲಿ ಒಯ್ದು ಕಿಟಕಿಯಲ್ಲಿ ಇಟ್ಟು ಬಂದಳು. "ನೋಡೂಣು" ಎಂದ ಮನೆಯ ಹುಡುಗಿ ಬರಲಿಲ್ಲ. ದೀಪ ಹಚ್ಚುವ ತನಕ ಅವಳ ತಟ್ಟೆಯನ್ನು ಮುಚ್ಚಿ ಇಟ್ಟಿದ್ದರು. ಮುತ್ತಿ ಒಂದು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ಅವ್ವ ಮಗಳು ಅದನ್ನು ಹಂಚಿಕೊಂಡು ತಿಂದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಎಂಟರಲ್ಲಿ ನಾಲ್ಕು ಮನೆಯವರಷ್ಟೇ ಬಂದರು," ಎಂದ. "ನಮ್ಮ ಅಣ್ಣ ಬಾರದ ನಾಲ್ವರಲ್ಲಿ ಒಬ್ಬನಾದರೆ? ನಾನು ಅವನ ಬಾಗಿಲಿಗೆ ಹೋದದ್ದು ದಂಡವಾಗುವುದಿಲ್ಲವೇ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ಅಣ್ಣ ಕೊನೆಯ ಸಲ ನಿನ್ನನ್ನು ಕರೆದಾಗ ನೀನು ಏನು ಹೇಳಿ ಕಳಿಸಿದ್ದೆ?"

"ಏನೂ ಹೇಳಿ ಕಳಿಸಿರಲಿಲ್ಲ," ಎಂದ ಶಿಷ್ಯ, ಎದ್ದು ಚಪ್ಪಲಿ ಮೆಟ್ಟಿದ.