ಹೆಸರಿಡಬಾರದ ಅನ್ನ

"ಕೇಳಿರಪ್ಪೋ ಕೇಳಿ! ಮಣಿಹಾಳದ ದೊರೆಮಗಳು ಚಿತ್ರಾಂಗಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅರಮನೆ ಉಗ್ರಾಣದ ಯಜಮಾನಿಕೆ. ತಪ್ಪಿದವನಿಗೆ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಊರೆಲ್ಲ ಸುತ್ತಿದ. ಅನಾಥಾಲಯ, ಆಸ್ಪತ್ರೆ, ಸೆರೆಮನೆ, ದಾರಿಹೋಕರ ಛತ್ರ, ಎಲ್ಲಕ್ಕೂ ಅಕ್ಕಿ ಬೇಳೆ ಕೊಳ್ಳುತ್ತಿದ್ದುದು ಆ ಉಗ್ರಾಣವೇ. ಅಲ್ಲಿ ಉಂಡವರು ಸೊರಗುತ್ತಿದ್ದರು, ಆದರೆ ಬಾಯಿ ಬಿಡುವಂತಿರಲಿಲ್ಲ. ಅನ್ನಕ್ಕೆ ಹೆಸರಿಡಬಾರದು ಎಂದು ಮನೆಮನೆಯಲ್ಲೂ ಮಕ್ಕಳಿಗೆ ಹೇಳುತ್ತಾರಲ್ಲ, ಆ ಮಾತನ್ನೇ ದೊರೆ ಕಾನೂನು ಮಾಡಿಬಿಟ್ಟಿದ್ದ. ಅರಮನೆಯ ಅನ್ನವನ್ನು ಹಳಿದವನಿಗೆ ಚಾವಟಿಯೇಟು. ಉಗ್ರಾಣಕ್ಕೆ ಮಾರುವ ಕಳ್ಳ ವರ್ತಕರಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕೆ? ಅಪ್ಪನಿಗೆ ನೇರವಾಗಿ ಹೇಳಲಾಗದ್ದನ್ನು ಮಗಳು ಒಗಟು ಮಾಡಿದ್ದಳು. ತಲೆದಂಡ ಮಾತ್ರ ಅಪ್ಪನ ಸೇರ್ಪಡೆ. ಅದಿಲ್ಲದೆ ದೊರೆಗೆ ಯಾವ ಆಟವೂ ರುಚಿಸುತ್ತಿರಲಿಲ್ಲ.

ಮೊದಲು ಬಂದವನು ದಂಡನಾಯಕನ ಮಗ.

"ಬಾಯಿ ತುಂಬ ಮುತ್ತು, ಹೊಟ್ಟೆ ತುಂಬ ಕಲ್ಲು. ಬಾಯಿ ನೋಡಿ ಮೆಚ್ಚಿ ಮನೆಗೆ ತಂದವರು ಹೊಟ್ಟೆ ನೋಡಲಿಲ್ಲ. ಯಾವುದದು?" ಎಂದಳು ಚಿತ್ರಾಂಗಿ.

"ಸಿಹಿಮಾತಿನ ಹೆಂಡತಿ!" ಎಂದು ಅವನು ಮೀಸೆ ತಿರುವಿ ನಕ್ಕ. ನಗು ಮುಗಿಯುವ ಮೊದಲೇ ತಲೆ ಉರುಳಿತು.

ಆಮೇಲೆ ಬಂದವನು ಆಸ್ಥಾನದ ಶಾಸ್ತ್ರಿ. ಮೊದಲನೆಯದಕ್ಕೆ "ಅಕ್ಕಿಮೂಟೆ" ಎಂದು ಗೆದ್ದ.

"ಕೊಂಡವನು ಉಣ್ಣುವುದಿಲ್ಲ, ಉಣ್ಣುವವನು ಕೊಂಡಿಲ್ಲ, ಉಂಡವನು ಬಾಯಿ ಬಿಡುವಂತಿಲ್ಲ. ಏನದು?"

ಶಾಸ್ತ್ರಿಗೆ ಉತ್ತರ ಗೊತ್ತಿತ್ತು. ತುಟಿಯವರೆಗೂ ಬಂತು. ದೊರೆಯ ಮುಖ ನೋಡಿದ, "ಪಿತೃಗಳಿಗಿಟ್ಟ ಪಿಂಡ" ಎಂದುಬಿಟ್ಟ. ಚಾವಟಿಗೆ ಹೆದರಿ ತಲೆ ಕೊಟ್ಟ, ಪಾಪ. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಕೊನೆಗೆ ಬಂದವನು ಜವರ. ಅನಾಥಾಲಯದಲ್ಲೇ ಬೆಳೆದವನು. ಈಗ ಮುತ್ತುಗದ ಎಲೆ ಹಚ್ಚಿ ಮಾರುತ್ತ, ಛತ್ರದ ಜಗುಲಿಯ ಮೇಲೆ ಮಲಗುತ್ತಿದ್ದ. ಅವನ ತಂಗಿ ನಿಂಗಿ ಇನ್ನೂ ಅನಾಥಾಲಯದಲ್ಲೇ ಇದ್ದಳು. ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿತ್ತು. ಇದೇ ಊಟವಾದರೆ ಮಗು ಉಳಿಯುವುದಿಲ್ಲ ಎಂದು ವೈದ್ಯರು ಕಿವಿಯಲ್ಲಿ ಹೇಳಿದ್ದರು.

"ಯಾಕಪ್ಪ ಬಂದೆ? ಸುಮ್ಮನೆ ಮನೆಗೆ ಹೋಗು" ಎಂದಳು ಚಿತ್ರಾಂಗಿ.

"ಮನೆ ಎಲ್ಲೈತೆ ತಾಯಿ? ಇರೋಳು ಒಬ್ಬಳು ತಂಗಿ. ಅವಳು ನಿಮ್ಮ ಅನ್ನಾನೇ ಉಣ್ತಾಳೆ. ಕೇಳಿ."

ಅವಳು ಮೊದಲೆರಡು ಒಗಟು ಕೇಳಿದಳು. ಅವನು ಹೇಳಿದ: "ಮೊದಲನೇದು ಉಗ್ರಾಣದ ಅಕ್ಕಿಮೂಟೆ ತಾಯಿ. ಬಾಯಿ ಬಿಚ್ಚಿ ಮೇಲಿಂದ ಒಂದು ಹಿಡಿ ನೋಡ್ತಾರೆ. ಕೆಳಗೆಲ್ಲ ಕಲ್ಲು, ಹುಳ. ಎರಡನೇದು ನಾನು ಉಂಡು ಬೆಳೆದ ಅನ್ನ. ಅನಾಥಾಲಯದ ಅನ್ನ."

ದೊರೆ ಎದ್ದು ನಿಂತ. "ಅನ್ನಕ್ಕೆ ಹೆಸರಿಡ್ತೀಯೇನೋ?"

"ನಾನು ಇಡಲಿಲ್ಲ ಬುದ್ಧಿ. ಅದಕ್ಕಿರೋ ಹೆಸರೇ ಹೇಳ್ದೆ."

"ಒಗಟಿಗೆ ಉತ್ತರ ಅಪ್ಪಾಜಿ, ನಿಂದೆಯಲ್ಲ" ಎಂದು ಚಿತ್ರಾಂಗಿ ಅಡ್ಡ ಬಂದಳು. "ಮೂರನೆಯದು. ಆ ಕಲ್ಲು ಅನ್ನವಾಗಬೇಕಾದರೆ ಯಾವ ಮಂತ್ರ ಹಾಕಬೇಕು?"

"ಮಂತ್ರ ಇಲ್ಲ ತಾಯಿ. ಕೊಂಡೋನು ಅದೇ ಪಂಕ್ತೀಲಿ ಕೂತು ದಿನಾ ಉಣ್ಬೇಕು."

ದೊರೆ ಗಹಗಹಿಸಿ ನಕ್ಕ. ಎಲ್ಲಿ ತನ್ನನ್ನೇ ಕೂರಿಸುತ್ತಾರೋ ಎಂದು ಅಂಜಿದ್ದ. "ಭೇಷ್! ಇನ್ನು ಕೊಳ್ಳುವವನು ನೀನೇ ಅಲ್ಲವೆ? ನೀನೇ ಕೂತು ಉಣ್ಣು!" ಶಾಲು ಹೊದಿಸಿದ, ಚಿನ್ನದ ಕಡಗ ತೊಡಿಸಿದ.

ಯಜಮಾನನಾದ ಜವರ ಮೂಟೆಗಳನ್ನು ಬುಡದಿಂದ ಬಿಚ್ಚಿಸಿದ. ವರ್ತಕರು ಒಳ್ಳೆಯ ಅಕ್ಕಿಯನ್ನು ಬುಡಕ್ಕಿಳಿಸಿದರು. ನಡುವೆ ಸೀಳಿಸಿದ. ಮುತ್ತುಗಳು ನಡುವಿಗೆ ಬಂದವು. ಪ್ರತಿ ಮೂಟೆಯನ್ನೂ ನೆಲಕ್ಕೆ ಸುರಿದು ನೋಡೋಣ ಎಂದರೆ, ಅಕ್ಕಿ ಚೆಲ್ಲುವುದು ಅನ್ನಕ್ಕೆ ಅಪಚಾರ ಎಂದು ದೊರೆ ಒಪ್ಪಲಿಲ್ಲ. ಚಿತ್ರಾಂಗಿಯ ಮಾತೂ ನಡೆಯಲಿಲ್ಲ. ಜವರನಿಗೆ ಉಳಿದದ್ದು ಪಂಕ್ತಿಯೊಂದೇ.

ಅನಾಥಾಲಯದಲ್ಲಿ ನಿಂಗಿಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತ. ಅನ್ನ ಬಂತು, ಬೆಳ್ಳಗೆ, ಉದುರುದುರಾಗಿ. ಒಂದು ಕಲ್ಲೂ ಸಿಗಲಿಲ್ಲ. ಮಂತ್ರ ಫಲಿಸಿತು ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ತಂಗಿಯ ಹಲ್ಲು ಕಟಕ್ಕೆಂದಿತು. ತಿರುಗಿ ನೋಡಿದ. ಬಡಿಸುವವನ ಕೈಯಲ್ಲಿ ಎರಡು ಪಾತ್ರೆಗಳಿದ್ದವು. ಜವರ ತನ್ನ ಎಲೆಯನ್ನು ಅವಳತ್ತ ಸರಿಸಿ, ಅವಳದನ್ನು ಎಳೆದುಕೊಂಡ.

ಮರುದಿನ ಬಡಿಸುವವನು ನಿಂಗಿಗೂ ಯಜಮಾನರ ಪಾತ್ರೆಯಿಂದಲೇ ಬಡಿಸಿದ. "ನಿಮ್ಮ ತಂಗಿ ಅಂತ ಗೊತ್ತಾಗಲಿಲ್ಲ ಬುದ್ಧಿ" ಎಂದು ಹಲ್ಲುಗಿಂಜಿದ.

ನಿಂಗಿ ಗಬಗಬನೆ ಉಂಡಳು. ಎಷ್ಟೋ ಕಾಲದ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು. "ಅಣ್ಣಾ, ಅನ್ನ ಸರಿಹೋಯ್ತು! ಎಲ್ರಿಗೂ ಸರಿ ಮಾಡ್ಬುಟ್ಟೆ ಅಲ್ವಾ?"

ಜವರ ಸಾಲಿನುದ್ದಕ್ಕೂ ನೋಡಿದ. ಮಕ್ಕಳು ತಲೆ ತಗ್ಗಿಸಿ, ಹಲ್ಲು ಮುರಿಯದ ಹಾಗೆ ನಿಧಾನವಾಗಿ ಜಗಿಯುತ್ತಿದ್ದವು. ಒಂದೂ ಬಾಯಿ ಬಿಡಲಿಲ್ಲ.

"ಉಣ್ಣವ್ವ, ಆರೋಗ್ತದೆ" ಎಂದ ಜವರ.