ಹೊಸ್ತಿಲಲ್ಲಿ ಹೇಳಿದ ಕುಂದು

ಹೊಳೆದಂಡೆಯ ಆ ಆಶ್ರಮಕ್ಕೆ ಒಂದು ಪದ್ಧತಿಯಿತ್ತು. ಹೊಸದಾಗಿ ಏನೇ ಒಳಗೆ ಬರಲಿ, ತಂದವರು ಹೊಸ್ತಿಲಾಚೆ ನಿಂತು ಅದರ ಕುಂದು ಹೇಳಬೇಕು. ಒಂದೇ ಕುಂದು.

ಕೇಳಿದ ಮೇಲೆ ಬೇಡ ಅನ್ನಬಹುದು. ಆದರೆ ಒಮ್ಮೆ ಒಳಗೆ ಕರೆದುಕೊಂಡರೆ ಮುಗಿಯಿತು. ಆ ಕುಂದನ್ನು ಮತ್ತೆ ಯಾರೂ ಎತ್ತಿ ಆಡುವಂತಿಲ್ಲ.

ಹಸು ತಂದವನು, "ಎಡಕ್ಕೆ ಕೂತು ಹಾಲು ಕರೆದರೆ ಒದೆಯುತ್ತದೆ" ಎಂದ. ಅಂದಿನಿಂದ ಎಲ್ಲರೂ ಬಲಕ್ಕೆ ಕೂತರು. ಅಡುಗೆಯ ತಿಪ್ಪಮ್ಮ ಬಂದಾಗ ತನ್ನದನ್ನು ತಾನೇ ಹೇಳಿಕೊಂಡಳು: "ನನಗೆ ಮಾತು ಜಾಸ್ತಿ."

ಗುರುಗಳಾದ ಅಜ್ಜಯ್ಯ ನಕ್ಕು ಅವಳನ್ನು ಒಳಗೆ ಕರೆದರು.

ಹಾಲೇಶನನ್ನು ಕರೆತಂದವಳು ಅವನ ಅಕ್ಕ. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ್ದ ಯುವಕ ಅವನು.

"ಇವನು ಅಳೆಯದೆ ಏನನ್ನೂ ನಂಬುವುದಿಲ್ಲ, ಅಜ್ಜಯ್ಯ" ಎಂದಳು ಅಕ್ಕ.

"ಅಳೆಯಲಿ" ಎಂದರು ಅಜ್ಜಯ್ಯ.

ಹೊಳೆಯ ಆಚೆ ದಡದಲ್ಲಿ ಆಶ್ರಮದ ಇನ್ನೊಂದು ಮನೆಯಿತ್ತು. ಕುರಿಹಿಂಡಿನ ಜೊತೆ ಊರೂರು ಅಲೆಯುವವರು ತಮ್ಮ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಮಕ್ಕಳು ಅಲ್ಲಿಂದ ಶಾಲೆಗೆ ಹೋಗಿ ಬರುತ್ತಿದ್ದರು.

ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲು ನೀರಿಗಿಳಿಯುವುದಿಲ್ಲ. ಆಗ ಮಕ್ಕಳ ಜೊತೆ ಆಚೆಯೇ ಉಳಿಯುವ ಒಬ್ಬರು ಬೇಕು. ಇಷ್ಟು ವರ್ಷ ಉಳಿಯುತ್ತಿದ್ದ ಮೇಷ್ಟರಿಗೆ ಈಗ ಕಣ್ಣು ಮಂಜಾಗಿತ್ತು.

ನೀನು ಉಳಿಯುತ್ತೀಯಾ ಎಂದು ಅಜ್ಜಯ್ಯ ಹಾಲೇಶನನ್ನು ಕೇಳಿದರು.

ಹಾಲೇಶನಿಗೆ ಭಯವಾಯಿತು. ಮಕ್ಕಳಿಗೆ ಜ್ವರ ಬಂದರೆ? ಅತ್ತರೆ? ತನಗೆ ತಿಳಿಯದ್ದೇನಾದರೂ ನಡೆದರೆ?

"ಆಚೆ ಮನೆಗೆ ಒಂದು ಫೋನ್ ಬೇಕಲ್ಲ, ಅಜ್ಜಯ್ಯ" ಎಂದ. "ಮೊದಲು ಒಳ್ಳೆಯದೊಂದನ್ನು ಆರಿಸುತ್ತೇನೆ. ಆಮೇಲೆ ಹೋಗುತ್ತೇನೆ."

ಹಾಗೆಂದ ಕೂಡಲೇ ಎದೆ ಹಗುರವಾಯಿತು. ಅದೊಂದನ್ನು ಅವನು ಅಳೆಯಲಿಲ್ಲ.

"ಆರಿಸು" ಎಂದರು ಅಜ್ಜಯ್ಯ. ಆ ಸಂಜೆಯಿಂದ ಅವರೇ ಹರಿಗೋಲಿನಲ್ಲಿ ದಾಟಿ ಮಕ್ಕಳ ಜೊತೆ ಮಲಗಿ ಬೆಳಿಗ್ಗೆ ಮರಳತೊಡಗಿದರು. ದಂಡೆ ಹತ್ತುವಾಗ ಮಂಡಿ ಹಿಡಿದುಕೊಂಡು ನಿಲ್ಲುತ್ತಿದ್ದರು.

ಪೇಟೆಯ ಅಂಗಡಿಯವನು ಆಶ್ರಮದ ಭಕ್ತ. ಕಡಿಮೆ ಬೆಲೆಯ ಎರಡು ಫೋನ್ ಕೊಟ್ಟು, "ಬಳಸಿ ನೋಡಿ. ಒಂದನ್ನು ಇಟ್ಟುಕೊಳ್ಳಿ, ಒಂದನ್ನು ವಾಪಸು ಕೊಡಿ" ಎಂದಿದ್ದ.

ಒಂದು ತೆಳ್ಳಗೆ, ನುಣ್ಣಗೆ. ಇನ್ನೊಂದು ದಪ್ಪಗೆ, ಸೋಪಿನ ಡಬ್ಬಿಯಂತೆ.

ತೆಳ್ಳನೆಯದರ ಪರದೆಯಲ್ಲಿ ಎಲೆಯ ನರವೂ ಕಾಣುತ್ತಿತ್ತು. ಮುಟ್ಟಿದರೆ ತೆರೆಯುತ್ತಿತ್ತು. ಆದರೆ ದನಿ ಸಣ್ಣದು, ಬ್ಯಾಟರಿ ಬೇಗ ಇಳಿಯುತ್ತಿತ್ತು.

ದಪ್ಪನೆಯದು ಏನು ಕೇಳಿದರೂ ತುಸು ಯೋಚಿಸಿ ತೆರೆಯುತ್ತಿತ್ತು. ಬಿಸಿಲಿಗೆ ಹಿಡಿದರೆ ಪರದೆ ಕಾಣದು. ಕತ್ತಲಲ್ಲಿ ತೆಗೆದ ಚಿತ್ರ ಮಸಿ ಬಳಿದಂತೆ. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಮರುದಿನವೂ ಬದುಕಿರುತ್ತಿತ್ತು. ದನಿ ಅಂಗಳದಾಚೆಗೂ ಕೇಳುತ್ತಿತ್ತು. ಬೇವಿನ ಮರದ ಬುಡದಲ್ಲೂ ಸಿಗ್ನಲ್ ಹಿಡಿಯುತ್ತಿತ್ತು.

ಹಾಲೇಶ ಹೊಸ್ತಿಲಾಚೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕದ ಮನೆ ಎಳೆದ. ಪರದೆಗೆ ಇಷ್ಟು ಅಂಕ, ದನಿಗೆ ಇಷ್ಟು, ಬ್ಯಾಟರಿಗೆ ಇಷ್ಟು. ಕೂಡಿದ. ಅಳಿಸಿದ. ಮತ್ತೆ ಅಳೆದ.

ಹರಿಗೋಲಿನ ಖಾಸಿಂ ಸಾಬ್ ಬಂದು ನೋಡಿದ.

"ನನ್ನ ಮಗನಿಗೆ ಹೆಣ್ಣು ಹುಡುಕುವಾಗ್ಲೂ ಇಷ್ಟು ನೋಡ್ಲಿಲ್ಲ, ಹಾಲೇಶಪ್ಪ."

"ಅದಕ್ಕೇ ಸೊಸೆ ಜೊತೆ ದಿನಾ ಜಗಳ" ಎಂದಳು ತಿಪ್ಪಮ್ಮ ಒಲೆಯ ಮುಂದಿನಿಂದ. ಆಮೇಲೆ ಹಾಲೇಶನ ಕಡೆ ತಿರುಗಿದಳು. "ಅಲ್ಲಾ, ಹೊಳೆ ನೀರು ಆಗಲೇ ಕೆಂಪಾಗ್ತಾ ಇದೆ, ನೀನಿನ್ನೂ..." ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. "ಹೇಳಬಾರದು, ಹೇಳಬಾರದು. ನಿಮ್ಮಕ್ಕ ಬಲು ಜಾಣೆ ಕಣಪ್ಪ. ನಮ್ಮ ಬಾಯಿಗೆ ಸರಿಯಾದ ಬೀಗಾನೇ ಹಾಕಿ ಹೋಗಿದ್ದಾಳೆ."

"ನಿನ್ನ ವಿಷಯದಲ್ಲಿ ನಾವೂ ಸುಮ್ಮನಿದ್ದೇವಲ್ಲ, ತಿಪ್ಪಮ್ಮ" ಎಂದರು ಅಜ್ಜಯ್ಯ.

ಖಾಸಿಂ ಸಾಬ್ ನಕ್ಕ. "ಒಂದು ಬಟನ್ ಫೋನ್ ಸಾಲದಾ, ಅಜ್ಜಯ್ಯ?"

ಅಜ್ಜಯ್ಯ ತಲೆಯಲ್ಲಾಡಿಸಿದರು.

"ಆಚೆ ಮನೇಲಿ ಮಾಳಮ್ಮನ ತಮ್ಮ ಬೀರ ಇದ್ದಾನಲ್ಲ, ಆ ಮಕ್ಕಳಲ್ಲೇ ಚಿಕ್ಕವನು. ಮೊನ್ನೆ ಮಲಗೋ ಹೊತ್ತಲ್ಲಿ ಅಕ್ಕನ್ನ ಕೇಳ್ತಿದ್ದ, 'ನಮ್ಮವ್ವನ ಮುಖ ಹೆಂಗೈತೆ' ಅಂತ."



ಹಾಲೇಶ ಪರದೆಯ ಅಂಕವನ್ನು ಅಳಿಸಿ ದೊಡ್ಡದು ಮಾಡಿದ.

ಮರುದಿನ ಎರಡೂ ಫೋನ್ ಹಿಡಿದು ಹೊಸ್ತಿಲಾಚೆ ನಿಂತ. ಅಜ್ಜಯ್ಯ ಒಳಗೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ತೆಳ್ಳನೆಯದರ ಕುಂದು: ಬ್ಯಾಟರಿ ಬೇಗ ಮುಗಿಯುತ್ತದೆ, ದನಿ ಸಣ್ಣದು, ಕೈ ಜಾರುತ್ತದೆ. ದಪ್ಪನೆಯದರ ಕುಂದು: ನಿಧಾನ, ಭಾರ, ಪರದೆ ಮಸುಕು, ಕ್ಯಾಮೆರಾ..."

"ಒಂದು" ಎಂದರು ಅಜ್ಜಯ್ಯ.

"ಇಷ್ಟೊಂದರಲ್ಲಿ ಯಾವುದನ್ನು ಹೇಳಲಿ?"

ಅಜ್ಜಯ್ಯ ಆರಿಸಿದ ಒಂದು ಕಲ್ಲನ್ನು ಅವನ ಅಂಗೈಗೆ ಹಾಕಿದರು. "ಇದು ಕುಂದಾ?"

"ಅಕ್ಕಿಯಲ್ಲಿದ್ದರೆ ಕುಂದು."

"ಗೋಡೆಯಲ್ಲಿದ್ದರೆ?"

ಹಾಲೇಶ ಕಲ್ಲನ್ನು ಹಿಡಿದುಕೊಂಡೇ ಹಿಂದಿರುಗಿದ. ಬಹಳ ಯೋಚಿಸಿದ. ಕೊನೆಗೆ ಸೀಮೆಸುಣ್ಣದಿಂದ ಇನ್ನೊಂದು ಮನೆ ಎಳೆದು ಮತ್ತೆ ಕೂಡಿದ.

ತೆಳ್ಳನೆಯದು ಗೆದ್ದಿತು. ಮಗು ನೋಡಬೇಕಾದದ್ದು ತಾಯಿಯ ಮುಖ. ಅದಕ್ಕೆ ಬೇಕಾದದ್ದು ಪರದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮರುದಿನ ಮತ್ತೆ ಹೊಸ್ತಿಲಿಗೆ ಬಂದ.

"ಇದರ ಕುಂದು, ಸಂಜೆಯ ಹೊತ್ತಿಗೆ ಬ್ಯಾಟರಿ ಮುಗಿಯುತ್ತದೆ."

"ಮುಗಿದರೆ?"

"ಚಾರ್ಜ್ ಮಾಡಿದರಾಯಿತು."

"ಒಳಗೆ ತಾ" ಎಂದರು ಅಜ್ಜಯ್ಯ. ಆ ಬೆಳಿಗ್ಗೆಯೇ ಫೋನನ್ನು ಚೀಲಕ್ಕೆ ಹಾಕಿಕೊಂಡು ಹರಿಗೋಲು ಹತ್ತಿದರು. "ಇವತ್ತು ಮಕ್ಕಳಿಗೆ ರಜೆ. ಹಿಡಿದು ನೋಡಲಿ. ದೀಪ ಹಚ್ಚೋ ಹೊತ್ತಿಗೆ ನನಗೊಂದು ಫೋನ್ ಮಾಡು."

ಮಧ್ಯಾಹ್ನ ಗಾಳಿ ಎದ್ದಿತು. ಆಚೆ ದಡದ ಮರಗಳು ಒಂದೇ ಕಡೆಗೆ ಬಾಗಿದವು. ಮೇಲ್ಸೀಮೆಯಲ್ಲಿ ಮೋಡ ಕಪ್ಪಾಗಿ ನಿಂತಿತ್ತು.

ದೀಪ ಹಚ್ಚುವ ಹೊತ್ತಿಗೆ ಹಾಲೇಶ ತನ್ನ ಸಿಮ್ ಹಾಕಿದ್ದ ದಪ್ಪ ಫೋನಿನಿಂದ ಕರೆ ಮಾಡಿದ. ಆಚೆಯ ಫೋನ್ ಸ್ವಿಚ್ ಆಫ್ ಆಗಿದೆ ಎಂದು ಹೆಣ್ಣುದನಿಯೊಂದು ಹೇಳಿತು.

ಮತ್ತೆ ಮಾಡಿದ. ಅದೇ ದನಿ.

ಇದು ಗೊತ್ತಿದ್ದದ್ದೇ. ತಾನೇ ಅಳೆದಿದ್ದು, ತಾನೇ ಹೇಳಿದ್ದು. ಆದರೂ ಅವನಿಗೆ ಕೂರಲಾಗಲಿಲ್ಲ.

"ಖಾಸಿಂ ಸಾಬ್ರೇ, ದಾಟಿಸ್ತೀರಾ?"

ಖಾಸಿಂ ಸಾಬ್ ನೀರು ನೋಡಿದ, ಆಕಾಶ ನೋಡಿದ. "ಈಗ ಹೋಗಿ ಈಗಲೇ ಬರಬೇಕು. ಮೇಲೆ ಮಳೆ ಬಿದ್ದೈತೆ. ನಾಳೆಯಿಂದ ಹರಿಗೋಲು ಇಳಿಯೋದು ಅನುಮಾನ."

ಹರಿಗೋಲು ಸುತ್ತುತ್ತ, ತೇಲುತ್ತ ದಡ ಮುಟ್ಟಿತು. ಹಾಲೇಶ ದಂಡೆ ಹತ್ತಿ ಓಡಿದ.

ಅಜ್ಜಯ್ಯ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಏನೂ ಆಗಿರಲಿಲ್ಲ.

"ಫೋನ್ ಮಾಡಿದೆ, ಅಜ್ಜಯ್ಯ" ಎಂದ ಏದುಸಿರು ಬಿಡುತ್ತ.

"ಮಾಡಿರ್ತೀಯ. ಮಧ್ಯಾಹ್ನವೇ ಕರೆಂಟ್ ಹೋಯಿತು." ಅಜ್ಜಯ್ಯ ತಲೆಯಲ್ಲೇ ಬಾಗಿಲ ಕಡೆ ತೋರಿಸಿದರು.

ಹಾಲೇಶ ಹೊಸ್ತಿಲ ಹತ್ತಿರ ಹೋಗಿ ಇಣುಕಿದ.

ಒಳಗೆ ಲಾಟೀನು ಉರಿಯುತ್ತಿತ್ತು. ಮಕ್ಕಳೆಲ್ಲ ಸುತ್ತ ಕೂತಿದ್ದರು. ನಡುವೆ ಒಂದು ಮಣೆ. ಮಣೆಯ ಮೇಲೆ ತೆಳ್ಳನೆಯ ಫೋನ್, ಕಪ್ಪಗೆ. ಬೀರ ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಅದರ ಎದುರಿಗೇ ಕೂತಿದ್ದ.

"ಬೆಳಿಗ್ಗೆನೇ ಅವ್ವಂಗೆ ನಂಬರ್ ಹೇಳಿದ್ದೆ, ಅಣ್ಣ" ಎಂದಳು ಮಾಳಮ್ಮ. "ಹಗಲೆಲ್ಲ ಕುರಿ ಹಿಂದೆ ಇರ್ತಾಳೆ. ಹಿಂಡು ಕೂಡಿ ಹಾಕಿದ ಮೇಲೆ, ಸಂಜೆ ಮುಖ ತೋರಿಸ್ತೀನಿ ಅಂದಿದ್ಲು."

ಸಂಜೆ. ಹಾಲೇಶನಿಗೆ ಆ ಮಾತು ಎರಡು ಸಲ ಕೇಳಿಸಿದಂತಾಯಿತು. ತಾನು ಹೊಸ್ತಿಲಲ್ಲಿ ಹೇಳಿದ ಹೊತ್ತೂ ಅದೇ.

ಜಗಲಿಗೆ ತಿರುಗಿದ.

"ಕುಂದು ಹೇಳಿದ್ದೆನಲ್ಲ, ಅಜ್ಜಯ್ಯ."

"ಹೇಳಿದೆ. ಆ ಕುಂದನ್ನ ಹೊರುವವರು ಯಾರು ಅನ್ನೋದನ್ನ ಹೇಳಲಿಲ್ಲ."

ಅಜ್ಜಯ್ಯ ಇನ್ನೊಂದು ಕಡಲೆಕಾಯಿ ಸುಲಿದರು.

ಹಾಲೇಶನ ಜೇಬಿನಲ್ಲಿ ಅಕ್ಕಿಯಿಂದ ಆರಿಸಿದ ಆ ಕಲ್ಲು ಇನ್ನೂ ಇತ್ತು. ಅದರ ಪಕ್ಕದಲ್ಲಿ ದಪ್ಪ ಫೋನ್. ಫೋನನ್ನು ಹೊರಗೆ ತೆಗೆದ. ನಿನ್ನೆ ಮಾಡಿದ ಚಾರ್ಜ್ ಇನ್ನೂ ಅರ್ಧ ಉಳಿದಿತ್ತು.

ಹೊಸ್ತಿಲಾಚೆಯೇ ಮಂಡಿಯೂರಿ ಕೂತ. ಅದರ ಕುಂದುಗಳೆಲ್ಲ ಅವನಿಗೆ ಬಾಯಿಪಾಠ. ಬಿಸಿಲಿಗೆ ಪರದೆ ಕಾಣದು. ಈ ಮನೆಗೆ ಅದು ಬೇಕಿರುವುದು ಸಂಜೆಗೆ. ಭಾರ, ಮಣೆಯ ಮೇಲಿಟ್ಟರೆ ಯಾರಿಗೆ ಭಾರ? ಒಂದೊಂದೇ ಉದುರಿ ಹೋಯಿತು. ಒಂದು ಉಳಿಯಿತು. ಅದು ಯಾರ ಪಾಲಿನದೋ ಅವನನ್ನೇ ನೋಡಿದ.

"ಬೀರಾ, ಇದರದ್ದೊಂದು ಕುಂದಿದೆ. ಇದರಲ್ಲಿ ಮುಖ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಸ್ವಲ್ಪ ಮಸುಕು. ಆಗಬಹುದಾ?"

ಬೀರ ಯೋಚಿಸಿದ.

"ನಂಗೀಗ ಏನೂ ಕಾಣಲ್ವಲ್ಲ" ಎಂದ. ಎದ್ದು ಬಂದು ಎರಡೂ ಕೈ ಚಾಚಿದ. "ಒಳಗೆ ಕೊಡು."

ಫೋನ್ ಹೊಸ್ತಿಲು ದಾಟಿತು. ಮಾಳಮ್ಮ ನಂಬರ್ ಒತ್ತಿದಳು. ಪರದೆಯ ಮೇಲೆ ಬಿಳಿಯ ಸುತ್ತೊಂದು ತಿರುಗುತ್ತಲೇ ಇತ್ತು.

"ಕೆಟ್ಟೋಯ್ತಾ?" ಎಂದಿತು ಒಂದು ಮಗು.

"ಇಲ್ಲ" ಎಂದ ಹಾಲೇಶ ಹೊರಗಿನಿಂದ. ದನಿ ಅಳುಕಲಿಲ್ಲ. "ಬರುತ್ತದೆ. ತಡವಾಗಿಯಾದರೂ ಬರುತ್ತದೆ. ಅದನ್ನು ನಾನು ಬಲ್ಲೆ."

ಬಂತು. ಮುಖಕ್ಕಿಂತ ಮೊದಲು ದನಿ ಬಂತು. ಮನೆ ತುಂಬ, ಜಗಲಿಗೂ ಕೇಳುವಂತೆ.

"ಬೀರಾ! ಉಂಡ್ಯೇನೋ ನನ್ ಕಂದಾ?"

ಆಮೇಲೆ ಮುಖ. ಒದ್ದೆ ಬಟ್ಟೆಯ ಹಿಂದಿನಿಂದ ಕಂಡಂತೆ. ಹಿಂದೆ ಕುರಿಗಳ ಅರಚಾಟ, ಬೆಂಕಿಯ ಕೆಂಪು.

ಬೀರ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಬಹಳ ಹೊತ್ತು ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ ಗೆದ್ದವನಂತೆ ಕೂಗಿದ.

"ಮೂಗುತಿ! ಮಾಳಕ್ಕಾ, ನೀ ಹೇಳಿದ್ದ ಅದೇ ಮೂಗುತಿ!"

ಇದಕ್ಕೆ ಎಷ್ಟು ಅಂಕ ಎಂದು ಹಾಲೇಶನಿಗೆ ಹೊಳೆಯಲಿಲ್ಲ. ಹೊಳೆಯಬೇಕೆಂದೂ ಅನಿಸಲಿಲ್ಲ.

ದಡದಿಂದ ಖಾಸಿಂ ಸಾಬ್ ಕೂಗಿದ. "ಅಜ್ಜಯ್ಯ! ಬರೋರು ಈಗ ಬಂದುಬಿಡಿ! ನೀರು ಕಲ್ಲು ಮುಚ್ತಾ ಐತೆ!"

ಅಜ್ಜಯ್ಯ ಏಳಲಿಲ್ಲ. ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಅವರು ತನ್ನನ್ನು ಕಾಯುತ್ತಿಲ್ಲ, ಮಳೆಗಾಲವೆಲ್ಲ ಉಳಿಯಲು ಸಿದ್ಧರಾಗಿ ಬಂದಿದ್ದಾರೆ ಎಂದು ಹಾಲೇಶನಿಗೆ ಆಗ ಗೊತ್ತಾಯಿತು. ಗೋಡೆಯ ಮೊಳೆಗೆ ಅವರ ಕಂಬಳಿ ಆಗಲೇ ನೇತಾಡುತ್ತಿತ್ತು.

"ನೀವು ಹೊರಡಿ, ಅಜ್ಜಯ್ಯ" ಎಂದ. "ಇಲ್ಲಿ ನಾನಿರುತ್ತೇನೆ."

"ಬಟ್ಟೆಬರೆ?"

"ಹರಿಗೋಲು ಇಳಿದ ದಿನ ಕಳಿಸಿ."

"ಮಕ್ಕಳಿಗೆ ಜ್ವರ ಬಂದರೆ?"

"ಡಾಕ್ಟರಿಗೆ ಫೋನ್ ಮಾಡುತ್ತೇನೆ. ಲಾಟೀನು ಹತ್ತಿರ ಹಿಡಿದರೆ ನಾಲಿಗೆಯ ಚಿತ್ರವೂ ತಕ್ಕಮಟ್ಟಿಗೆ ಬರುತ್ತದೆ."

"ಅತ್ತರೆ?"

"ಗೊತ್ತಿಲ್ಲ" ಎಂದ ಹಾಲೇಶ. "ಪಕ್ಕದಲ್ಲಿ ಕೂರುತ್ತೇನೆ."

ಅಜ್ಜಯ್ಯ ಕಂಬಳಿ ತೆಗೆದು ಅವನ ಹೆಗಲಿಗೆ ಹಾಕಿದರು. ತೆಳ್ಳನೆಯ ಫೋನನ್ನು ಮಾಳಮ್ಮನಿಂದ ಈಸಿಕೊಂಡು ಚೀಲಕ್ಕಿಳಿಸಿದರು.

ಹಾಲೇಶ ಒಳಗಡಿಯಿಡಲು ಕಾಲೆತ್ತಿದ. ಅಜ್ಜಯ್ಯನ ಕೋಲು ಬಾಗಿಲಿಗೆ ಅಡ್ಡ ಬಂತು.

"ನಿಲ್ಲು. ತಂದವರು ಕುಂದು ಹೇಳಬೇಕಲ್ಲ. ನಿನ್ನನ್ನ ಇಲ್ಲಿಗೆ ತಂದವನು ನಾನು."

ಹಾಲೇಶ ಕಾಲು ಹಿಂದಕ್ಕೆ ತೆಗೆದುಕೊಂಡ. ತನ್ನ ಕುಂದುಗಳೂ ಅವನಿಗೆ ಬಾಯಿಪಾಠವೇ. ಅವುಗಳಲ್ಲಿ ಅಜ್ಜಯ್ಯ ಯಾವುದನ್ನು ಆರಿಸುತ್ತಾರೋ ಎಂದು ತಲೆ ತಗ್ಗಿಸದೆ ನಿಂತ.

ಮಕ್ಕಳು ಫೋನಿನಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

ಅಜ್ಜಯ್ಯ ಕೋಲನ್ನು ಮೆಲ್ಲಗೆ ಸರಿಸಿದರು.

"ಮಕ್ಕಳೇ, ಇವನ ಕುಂದು ಒಂದೇ. ತಡವಾಗಿ ಬಂದ."