ಬಲಗೈ ವಿದ್ಯೆ

ನಂಬಬೇಡಿ. ನಂಬಿ ಎಂದು ಯಾರ ಕಾಲೂ ಹಿಡಿಯುವ ಗರಜು ಈ ಕಥೆಗಿಲ್ಲ. ಅನುಮಾನವಿದ್ದವರು ಮಲಪ್ರಭೆಯ ದಂಡೆಗೆ ಹೋಗಿ, ಹುಣಸೆಮರದ ಕೆಳಗಿನ ಮಠದಲ್ಲಿ ಯಮನೂರನ ಮುಂದೆ ಕೈ ಚಾಚಿ ಕೂತು ನೋಡಿ. ಆಮೇಲೆ ಸುಳ್ಳು ಅನ್ನಿ.

ಯಮನೂರ ಅಂದರೆ ಸಾಮಾನ್ಯ ಆಳಲ್ಲ. ಗರಡಿಯಲ್ಲಿ ಅವನು ಮಣಿಕಟ್ಟು ಹಿಡಿದರೆ ಎದುರಿನವನು ಮೊದಲು ದೇವರನ್ನು ನೆನೆಯುತ್ತಿದ್ದ, ಆಮೇಲೆ ತಾಯಿಯನ್ನು. ತೆಂಗಿನಕಾಯಿಯನ್ನು ಬರಿ ಮುಷ್ಟಿಯಲ್ಲಿ ಗುದ್ದಿ ಒಡೆಯುತ್ತಿದ್ದ. ಕಂಡವರು ಏಳು ಊರಲ್ಲಿದ್ದಾರೆ. ಕಾಣದವರಿಗೆ ಅವನೇ ಹೇಳುತ್ತಿದ್ದ.

ಅಂಥವನು ಆ ಮಠದ ಅಡಿವೆಪ್ಪಜ್ಜನ ಶಿಷ್ಯನಾಗಲು ಬಂದ.

ಅಜ್ಜ ಕೈ ನೋಡುವವರು. ಭವಿಷ್ಯ ಹೇಳಲು ನೋಡುವುದಲ್ಲ. ಜೋಮು ಹಿಡಿದ ಕೈ, ಮುಷ್ಟಿ ಕಟ್ಟಲಾಗದ ಕೈ, ಹಿಡಿದದ್ದೆಲ್ಲ ಜಾರಿ ಬೀಳುವ ಕೈ. ಅಂಥವನ್ನು ತೊಡೆಯ ಮೇಲಿಟ್ಟುಕೊಂಡು ತೀಡಿ, ಸಡಿಲಿಸಿ, ಕಳಿಸುತ್ತಿದ್ದರು. ಮಾಡುತ್ತಿದ್ದದ್ದೆಲ್ಲ ಎಡಗೈಯಲ್ಲಿ. ಬಲಗೈ ಸದಾ ಶಾಲಿನೊಳಗೆ. ಊಟವನ್ನೂ ಬಾಗಿಲು ಮುಚ್ಚಿಕೊಂಡು ಒಬ್ಬರೇ ಮಾಡುತ್ತಿದ್ದರು. ಜನ ಅದನ್ನು ನೇಮ ಅಂದುಕೊಂಡಿದ್ದರು.

ಆ ಬಲಗೈಯ ಬಗ್ಗೆ ದೊಡ್ಡ ಮಾತಿತ್ತು. ಎಡಗೈಯೇ ಇಷ್ಟು ಮಾಡಿದರೆ ಬಲಗೈ ಎಷ್ಟು ಮಾಡೀತು, ಅದನ್ನು ದೊಡ್ಡ ಬೇನೆಗೆಂದು ಕಾದಿಟ್ಟಿದ್ದಾರೆ ಎನ್ನುತ್ತಿದ್ದರು. ಹಾಗೆ ಅನ್ನುವವರಲ್ಲಿ ಯಮನೂರನೇ ಮುಂದು.

"ನನಗ ಬಲಗೈ ವಿದ್ಯಾ ಬೇಕ್ರಿ, ಅಜ್ಜಾರ," ಎಂದ ಮೊದಲ ದಿನವೇ. "ಎಡಗೈದು ಬ್ಯಾರೆ ಯಾರಿಗರ ಕಲಸ್ರಿ."

"ಅದು ಕಡೀಕ," ಎಂದರು ಅಜ್ಜ.

ಗಡ್ಡದಿಂದ ಒಂದು ಬಿಳಿ ಕೂದಲು ಕಿತ್ತು ಹಾಸುಗಲ್ಲಿನ ಮೇಲಿಟ್ಟರು. ಮೇಲೊಂದು ವೀಳ್ಯದೆಲೆ ಮುಚ್ಚಿದರು. ಕೂದಲು ಎಲ್ಲಿದೆ, ಯಾವ ದಿಕ್ಕಿಗೆ ಮಲಗಿದೆ ಎಂದು ಹೆಬ್ಬೆರಳಿಂದ ತಿಳಿದು ಹೇಳಬೇಕು. ಎಲೆ ಕಪ್ಪಾಗಬಾರದು.

ಯಮನೂರ ಒತ್ತಿದ. ಎಲೆ ಹರಿಯಿತು.

ಇನ್ನೊಂದು ಒತ್ತಿದ. ಅದೂ ಹರಿಯಿತು.

ಸಂಜೆಯೊಳಗೆ ಒಂದು ಕಟ್ಟು ಎಲೆ ಮುಗಿಯಿತು. ಹರಿದವಕ್ಕೆಲ್ಲ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಅಜ್ಜ ಬಾಯಿಗೆ ಹಾಕಿಕೊಂಡರು.

"ನಿನ್ನ ಶಕ್ತಿಯಿಂದ ನನ್ನ ಬಾಯಿ ಕೆಂಪಾತು, ತಮ್ಮ. ನಾಳೆ ಮತ್ತ ತಾ."

ಹೀಗೇ ಮಳೆಗಾಲ ಕಳೆಯಿತು. ಈಗೀಗ ಎಲೆ ಹರಿಯುತ್ತಿರಲಿಲ್ಲ, ಕಪ್ಪಾಗುತ್ತಿತ್ತು. ಯಮನೂರ ಇದನ್ನೇ ಗೆಲುವು ಎಂದು ಏಳು ಊರಿಗೆ ಸಾರಿದ.

ಆಗ ನೀಲವ್ವ ಬಂದಳು.

ಅವಳು ಕಸೂತಿಯವಳು. ಬಟ್ಟೆಯ ಎಳೆ ಎಣಿಸಿ ಗಂಟಿಲ್ಲದೆ ಹೊಲಿಯುತ್ತಿದ್ದಳು. ಅವಳು ಹೊಲಿದ ಸೆರಗನ್ನು ಮಗುಚಿದರೆ ಯಾವುದು ಒಳಗು, ಯಾವುದು ಹೊರಗು ತಿಳಿಯುತ್ತಿರಲಿಲ್ಲ. ಈಗ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಸೂಜಿ ಕೈಯಲ್ಲಿದೆಯೋ ನೆಲದಲ್ಲಿದೆಯೋ ಗೊತ್ತಾಗುತ್ತಿಲ್ಲ ಎಂದಳು.

ಮಣಿಕಟ್ಟಿನ ಸಣ್ಣ ದಾರಿಯಲ್ಲಿ ನರ ಸಿಕ್ಕಿಕೊಂಡಿದೆ ಎಂದು ಪಟ್ಟಣದ ಡಾಕ್ಟರು ಹೇಳಿದ್ದರು. ನಲವತ್ತು ದಿನ ನೋಡೋಣ, ಆಗದಿದ್ದರೆ ಕೊಯ್ದು ದಾರಿ ಬಿಡಿಸೋಣ ಅಂದಿದ್ದರು. ನೀಲವ್ವನಿಗೆ ಕತ್ತರಿಯ ಭಯವಿರಲಿಲ್ಲ. ಹೇಗೆ ವಾಸಿಯಾದರೂ ಬೆರಳಿಗೆ ಎಳೆ ಎಣಿಸುವುದು ಮರೆತುಹೋದರೆ ಎಂಬ ಭಯವಿತ್ತು.

ಅಜ್ಜ ಹೊಳೆಗೆ ಹೋಗಿದ್ದರು. ಯಮನೂರ ಇದ್ದ.

ನೋವು ಎಲ್ಲಿ ಎಂದು ಕೇಳಿದ. ಅವಳು ಮಣಿಕಟ್ಟು ತೋರಿಸಿದಳು. ಅವನು ಅಲ್ಲಿಯೇ ಹೆಬ್ಬೆರಳು ಊರಿ, ಗರಡಿಯಲ್ಲಿ ಒತ್ತುವಂತೆ ಒತ್ತಿದ. ಹೋಗು ಅಕ್ಕ, ನಾಳೆ ಎರಡು ಸೀರೆ ಹೊಲಿ ಎಂದು ಕಳಿಸಿದ.

ಮರುದಿನ ಅವಳು ಹೊಲಿಯಲು ಹೋಗಲಿಲ್ಲ. ನೇರ ಮಠಕ್ಕೆ ಬಂದಳು.

"ನಿನ್ನೆ ತನಕ ಈ ಮೂರು ಬೆರಳು ಮಲಗಿದ್ವು, ಪೈಲ್ವಾನ. ಇವತ್ತ ಹೆಣ ಆಗ್ಯಾವ."

ಯಮನೂರ ಅಜ್ಜನ ಪಾದಕ್ಕೆ ಬಿದ್ದ. ತಪ್ಪಾಯಿತು, ಈಗಲಾದರೂ ಆ ಬಲಗೈ ಹೊರಗೆ ತೆಗೆಯಿರಿ ಎಂದು ಬೇಡಿಕೊಂಡ.

ಅಜ್ಜ ಎಡಗೈಯಿಂದ ನೀಲವ್ವನ ಹೆಬ್ಬೆರಳಿನ ಬುಡ ಮುಟ್ಟಿ ನೋಡಿದರು. ಅಲ್ಲಿನ ಮಾಂಸ ಬತ್ತಿದ್ದರೆ ಇವತ್ತೇ ದವಾಖಾನೆಗೆ ಕಳಿಸುತ್ತಿದ್ದೆ, ಬತ್ತಿಲ್ಲ, ವೇಳೆಯಿದೆ ಎಂದರು.

"ಆದರ ಇದು ಎರಡು ಕೈಯ ಕೆಲಸ."

ಯಮನೂರ ಶಾಲನ್ನೇ ನೋಡಿದ. ಶಾಲು ಅಲುಗಲಿಲ್ಲ.

"ನಿನಗ ಎರಡು ಅದಾವಲ್ಲ," ಎಂದರು ಅಜ್ಜ. "ನಲವತ್ತು ದಿನದಾಗ ಆಗಲಿಲ್ಲಂದ್ರ ನೀನೇ ಈಕೀನ್ನ ಡಾಕ್ಟರ ಕಡೆ ಕರಕೊಂಡು ಹೋಗು. ಹಂಗೇ ಗರಡೀಗೆ ಹೋಗು. ತಿರುಗಿ ಬರಬ್ಯಾಡ."

ಯಮನೂರ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಹುಟ್ಟಿದಾಗಿನಿಂದ ಅವನ್ನು ಅನುಮಾನದಿಂದ ನೋಡಿದ್ದು ಅದೇ ಮೊದಲು.

"ನನಗ ನಿಮ್ಮ ಕೈಗುಣ ಇಲ್ಲಲ್ರಿ."

"ಗುಣ ಆಗಬೇಕಾದ್ದು ಯಾರ ಕೈ?"

"ನೀಲವ್ವಕ್ಕಂದು."

"ಮತ್ತ ಕೈಗುಣಾನ ನಿನ್ನ ಕೈಯಾಗ ಯಾಕ ಹುಡುಕ್ತಿ?"

ಯಮನೂರನಿಗೆ ಅರ್ಥವಾಗಲಿಲ್ಲ. ಆಗಲಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ತಲೆಯಾಡಿಸಿ ಹೊರಗೆ ಬಂದ.

ಹೊರಗೆ ಹುಣಸೆಮರದ ನೆರಳಲ್ಲಿ ನೀಲವ್ವ ಎಡಗೈಯಲ್ಲಿ ಸೂಜಿ ಹಿಡಿದು ಗುದ್ದಾಡುತ್ತಿದ್ದಳು. ದಾರ ಬಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ತಾ ಇಲ್ಲಿ ಎಂದು ಯಮನೂರ ಇಸಿದುಕೊಂಡು ಎಳೆದ. ದಾರ ತುಂಡಾಯಿತು.

ನೀಲವ್ವ ಅವನ ಕೈಗೆ ಒಂದು ಪೆಟ್ಟು ಹಾಕಿದಳು.

"ಎಳೆ ಸಿಕ್ಕಾಗ ಎಳೀತಾರೇನೋ? ಬಟ್ಟೀನ್ನ ಎರಡೂ ಕಡೆ ಸಡ್ಲ ಹಿಡಿ. ಸುಮ್ನ ಇರು. ಎಳೆ ತಾನೇ ಸರೀತೈತಿ."

ಹಾಗೆ ಹಿಡಿದು ತೋರಿಸಿದಳು. ಎಳೆ ಸರಿಯಿತು.

ಯಮನೂರ ಬಟ್ಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಕೆಳಗಿಟ್ಟು ಅವಳ ಬಲಗೈ ತೆಗೆದುಕೊಂಡ.

ಅಂಗೈಯನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡ. ಮಣಿಕಟ್ಟಿನ ನಟ್ಟ ನಡುವೆ ಈ ಸಲ ಒತ್ತಲಿಲ್ಲ. ಅಂಗೈಯ ಬುಡದಲ್ಲಿ ಆ ಬದಿಗೊಂದು, ಈ ಬದಿಗೊಂದು ಹೆಬ್ಬೆರಳಿಟ್ಟು, ಎಲೆ ಕಪ್ಪಾಗದಷ್ಟೇ ಬಲದಲ್ಲಿ, ಹೊರಗಡೆಗೆ ಹಿಗ್ಗಿಸಿ ಹಿಡಿದ. ಸುಮ್ಮನಿದ್ದ.

ಎಷ್ಟೋ ಹೊತ್ತಿನ ಮೇಲೆ ಚರ್ಮದ ಕೆಳಗೆ ಏನೋ ತಾನಾಗಿ ಸಡಿಲವಾಯಿತು. ಅಜ್ಜನ ಗಡ್ಡದ ಕೂದಲಿನಷ್ಟು. ಅವನಿಗೆ ತಿಳಿಯಿತು.

ಅವತ್ತಿನಿಂದ ದಿನಾ ಅದೇ ಕೆಲಸ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಗಿದ ಸ್ನಾಯುಗಳನ್ನು ನಿಧಾನ ತೀಡುವುದು. ಅಂಗೈ ಬಿಡಿಸುವುದು. ತೋಳನ್ನು ಪಕ್ಕಕ್ಕೆ ಚಾಚಿಸಿ, ಅಂಗೈ ಹಿಂದಕ್ಕೆ ಬಾಗಿಸಿ, ಕುತ್ತಿಗೆಯನ್ನು ಆ ಕಡೆ ವಾಲಿಸಿ, ಮತ್ತೆ ಈ ಕಡೆ ತಂದು, ನರ ತನ್ನ ದಾರಿಯಲ್ಲಿ ಹೋಗಿ ಬರುವಂತೆ ಮಾಡುವುದು. ಜೋಮು ಏರಿದರೆ ಅಲ್ಲಿಗೇ ನಿಲ್ಲಿಸುವುದು.

ಹತ್ತು ದಿನ ಏನೂ ಇಲ್ಲ. ಇಪ್ಪತ್ತು ದಿನ ಏನೂ ಇಲ್ಲ. ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅಷ್ಟು ದಿನ ಯಮನೂರ ಯಾವ ಊರಿಗೂ ಏನನ್ನೂ ಸಾರಲಿಲ್ಲ. ಇದನ್ನಂತೂ ನೀವು ನಂಬಲಿಕ್ಕಿಲ್ಲ.

ಮೂವತ್ತಮೂರನೆಯ ದಿನ ನೀಲವ್ವ ಸೂಜಿಯನ್ನು ಬಲಗೈಗೆ ತೆಗೆದುಕೊಂಡಳು. ಅದು ಜಾರಿತು. ಮತ್ತೆ ತೆಗೆದುಕೊಂಡಳು. ತೋರುಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ಬಂತು.

ನೀಲವ್ವ ನಕ್ಕಳು.

"ತಮ್ಮಾ, ನೋವಾತು."

ನಂಬಿಕೆ ಬಾರದೆ ನಡುಬೆರಳಿಗೂ ತಾನೇ ಚುಚ್ಚಿಕೊಂಡಳು. ಹೆಬ್ಬೆರಳಿಗೂ ಚುಚ್ಚಿಕೊಂಡಳು. ಮೂರೂ ಬೆರಳನ್ನು ಅವನ ಮುಖದ ಮುಂದೆ ಹಿಡಿದು, ನೋಡು, ಮೂರೂ ನೋಯತಾವ ಎಂದು ಕಣ್ಣೀರು ಸುರಿಸುತ್ತ ನಕ್ಕಳು. ಆಮೇಲೆ ದಾರ ಪೋಣಿಸಿ ಒಂದು ನವಿಲು ಹೊಲಿದಳು. ಯಮನೂರ ಬಟ್ಟೆ ಮಗುಚಿ ನೋಡಿದ. ಯಾವುದು ಒಳಗು, ಯಾವುದು ಹೊರಗು ತಿಳಿಯಲಿಲ್ಲ.

ನಲವತ್ತನೆಯ ದಿನ ಡಾಕ್ಟರು ಪರೀಕ್ಷೆ ಮಾಡಿ, ಸದ್ಯಕ್ಕೆ ಕೊಯ್ಯುವ ಮಾತಿಲ್ಲ ಎಂದರು.

ಸುದ್ದಿ ಕೇಳಿ ಜನ ಮಠಕ್ಕೆ ಬಂದರು. ಏನಪ್ಪ ಯಮನೂರ, ಅಜ್ಜನ ಕೈಗುಣ ನಿನಗೆ ಬಂತಲ್ಲ ಎಂದರು. ಯಮನೂರ ಎದೆ ಉಬ್ಬಿಸಿ ಎದ್ದು ನಿಂತ. ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ನೀಲವ್ವನ ಮೇಲೆ ಬಿತ್ತು. ಅವಳು ಯಾರ ಮಾತಿಗೂ ತಲೆಯೆತ್ತದೆ ಹೊಲಿಯುತ್ತಿದ್ದಳು.

"ಕೈಗುಣ ನಂದಲ್ಲ," ಎಂದ. "ಈಕೀ ಕೈದು. ನಾ ಬಟ್ಟಿ ಸಡ್ಲ ಹಿಡದೆ, ಅಷ್ಟೇ."

ಆಚೆ ದಂಡೆಗೂ ಕೇಳುವಂತೆ ಹೇಳಿದ. ಇಷ್ಟು ತಗ್ಗಿ ನಡೆಯುವ ಆಳು ಈ ಏಳು ಊರಲ್ಲೇ ಇನ್ನೊಬ್ಬನಿಲ್ಲ ಎಂದೂ ಸೇರಿಸಿದ.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಗೈಯಲ್ಲಿ.

ಜನ ಹೋದ ಮೇಲೆ ಯಮನೂರನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಶಾಲು ಸರಿಸಿದರು. ಬಲಗೈ ಹೊರಗೆ ಬಂತು. ಅದರ ಬೆರಳ ನಡುವೆ ಒಂದು ವೀಳ್ಯದೆಲೆ ಸಿಕ್ಕಿಸಿಕೊಂಡು ಅಜ್ಜ ಹೊಳೆಯ ಕಡೆ ನೋಡುತ್ತ ಕೂತರು. ಎಲೆ ಬೆರಳ ನಡುವಿನಿಂದ ಜಾರಿ ನೆಲಕ್ಕೆ ಬಿತ್ತು. ಅಜ್ಜನಿಗೆ ಗೊತ್ತಾಗಲಿಲ್ಲ.

ಯಮನೂರನಿಗೆ ಗೊತ್ತಾಯಿತು. ಮುಚ್ಚಿದ ಬಾಗಿಲಿನ ಊಟವೂ ಗೊತ್ತಾಯಿತು.

ಅಜ್ಜ ತಮ್ಮ ಬಲಗೈಯನ್ನು ಅಂಗೈ ಮೇಲೆ ಮಾಡಿ ಅವನ ತೊಡೆಯ ಮೇಲಿಟ್ಟರು.

"ಬಲಗೈ ಬೇಕು ಅಂದಿದ್ದಿಯಲ್ಲ, ತಗೋ. ಎರಡು ವರ್ಷ ಆತು, ಜೋಮು ಹಿಡದು."